ಕೆರೆ ಏರಿ ಮೇಲಿನ ವೀರಗಲ್ಲು ಓದೋದು ಹೇಗೆ

ಬೇಲೂರು ಹಳೇಬೀಡಿಗೆ ಬರೋರು ದೇವಸ್ಥಾನ ನೋಡ್ತಾರೆ, ಮದನಿಕೆ ಕೆಳಗೆ ನಿಂತು ಫೋಟೋ ತೆಗೆಸ್ಕೋತಾರೆ, ಎಳನೀರು ಕುಡಿದು ಚಿಕ್ಕಮಗಳೂರು ಕಡೆ ಹೊರಡ್ತಾರೆ, ದಾರೀಲಿ ಕೆರೆ ಏರಿ ಮೇಲೆ ಸೊಂಟದ ತನಕ ಹೂತು ನಿಂತಿರೋ ಕಲ್ಲಿಗೆ ಮಾತ್ರ ಯಾರೂ ಕಾರ್ ನಿಲ್ಸಲ್ಲ. ಅವರನ್ನ ಯಾಕೆ ಅನ್ನಬೇಕು, ಊರಲ್ಲಿರೋ ನಾವೇ ನೋಡಲ್ಲ. ಇವೇ ವೀರಗಲ್ಲು, ಅಂದ್ರೆ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕೆತ್ತನೆ ಕಲ್ಲು, ನಮ್ಮೂರಲ್ಲಿ ಇಂಥವು ಮೂರಿದಾವೆ. ಒಂದಕ್ಕೆ ಎಣ್ಣೆ ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಈಗ ಅದು ವೀರನೋ ವೀರಭದ್ರನೋ ಗೊತ್ತಾಗಲ್ಲ, ಇನ್ನೊಂದು ಎಮ್ಮೆಗಳು ಮೈ ತಿಕ್ಕಿಕೊಳ್ಳೋಕೆ ಮೀಸಲು, ಮೂರನೇದು ತೋಟದ ಕಾಲುವೆ ಮೇಲೆ ಮಕಾಡೆ ಮಲಗಿತ್ತು, ಅದರ ಮೇಲೇ ನಾವು ವರ್ಷಗಟ್ಲೆ ಗೊಬ್ಬರದ ಗಾಡಿ ಹೊಡ್ಕೊಂಡು ಹೋಗಿದೀವಿ.

ಇದಕ್ಕೆ ನಾಚಿಕೆ ಪಡೋದೇನೂ ಬೇಡ. ಈಜಿಪ್ಟಿನ ರೊಸೆಟ್ಟಾ ಕಲ್ಲು ಕೇಳಿರ್ತೀರಲ್ಲ, ಚಿತ್ರಲಿಪಿ ಓದೋಕೆ ಕೀಲಿ ಕೊಟ್ಟಿದ್ದು, ಅದೂ 1799ರಲ್ಲಿ ಫ್ರೆಂಚ್ ಸೈನಿಕರ ಕೈಗೆ ಸಿಕ್ಕಿದ್ದು ರಶೀದ್ ಅನ್ನೋ ಊರಿನ ಹಳೇ ಕೋಟೆ ರಿಪೇರಿ ಮಾಡೋವಾಗ. ಯಾವನೋ ಪುಣ್ಯಾತ್ಮ ಅದನ್ನ ಗೋಡೆಗೆ ಸೈಜುಗಲ್ಲಿನ ಥರ ಸೇರಿಸಿ ಕಟ್ಟಿಬಿಟ್ಟಿದ್ದ. ನಮ್ದು ಕಾಲುವೆ, ಅವರದ್ದು ಗೋಡೆ, ಅಷ್ಟೇ ವ್ಯತ್ಯಾಸ.

ಏಳೆಂಟು ವರ್ಷದಿಂದ ಭಾನುವಾರ ಭಾನುವಾರ ಹಾಸನ ಜಿಲ್ಲೆ ಹಳ್ಳಿ ಸುತ್ತಿ, ಆಗಾಗ ಕಡೂರು ಮೂಡಿಗೆರೆ ಕಡೆಗೂ ಹೋಗಿ ಕಲಿತಿದ್ದನ್ನ ಇಲ್ಲಿ ಹೇಳ್ತೀನಿ. ನಾನು ಪ್ರೊಫೆಸರ್ ಅಲ್ಲ, ಹಳಗನ್ನಡ ಓದಿದ್ದು ಪಿಯುಸೀಲಿ ಪಾಸಾಗೋಕೆ. ಅಷ್ಟಿದ್ರೂ ಒಂದು ವೀರಗಲ್ಲು ಮುಕ್ಕಾಲು ಪಾಲು ಅರ್ಥ ಆಗುತ್ತೆ, ಯಾಕಂದ್ರೆ ಇದನ್ನ ಮಾಡಿಸಿದ್ದೇ ಓದು ಬರದವರಿಗೂ ತಿಳೀಲಿ ಅಂತ.

ಮೊದಲು ಹೊತ್ತು ಗೊತ್ತು. ಮಧ್ಯಾಹ್ನ ಹನ್ನೆರಡು ಗಂಟೆಗೆ ಹೋಗ್ಬೇಡಿ, ಸೂರ್ಯ ನೆತ್ತಿ ಮೇಲಿದ್ದಾಗ ಕಲ್ಲು ಕಾದ ಹಂಚಿನ ಥರ ಚಪ್ಪಟೆ ಕಾಣುತ್ತೆ, "ಏನೂ ಇಲ್ಲ ಬಿಡಿ, ಎಲ್ಲ ಸವೆದೋಗಿದೆ" ಅಂತ ವಾಪಸ್ ಬರ್ತೀರಾ. ಬೆಳಿಗ್ಗೆ ಏಳು ಏಳೂವರೆಗೆ ಹೋಗಿ, ಇಲ್ಲಾ ಸಂಜೆ ಹೊತ್ತು ಮುಳುಗಿದ ಮೇಲೆ ಟಾರ್ಚ್ ಹಿಡ್ಕೊಂಡು ಹೋಗಿ. ಟಾರ್ಚನ್ನ ಕಲ್ಲಿಗೆ ಎದುರಿಗೆ ಹಿಡೀಬಾರ್ದು, ಕಲ್ಲಿನ ಅಂಚಿಗೆ ತಂದು ಮೈಗೆ ಒರಗಿಸಿದ ಹಾಗೆ ಅಡ್ಡಡ್ಡ ಬೆಳಕು ಬಿಡಬೇಕು. ಒಂದು ಕೂದಲೆಳೆ ಆಳದ ಗೆರೆ ಇದ್ರೂ ಅದರ ನೆರಳು ಬೀಳುತ್ತೆ, ಇಲ್ಲಿ ತನಕ ಬರೀ ಕಲ್ಲಾಗಿದ್ದಿದ್ದು ತಟ್ಟಂತ ಕುದುರೆ ಕಾಲಾಗುತ್ತೆ. ಮೊದಲ ಸಲ ಹಾಗೆ ಕಂಡಾಗ ನನ್ನ ಜೊತೆ ಬಂದಿದ್ದ ಚಿಕ್ಕಪ್ಪನ ಮಗ "ಲೋ ಅಣ್ಣಾ, ಇದು ಎದ್ದು ಬತ್ತಾ ಐತೆ ಕಣೋ" ಅಂತ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಬೆಳಕನ್ನ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಹೀಗೆ ನಾಲ್ಕೂ ಕಡೆಯಿಂದ ಬಿಟ್ಟು ನೋಡಿ, ಒಂದು ಕಡೆಯಿಂದ ಕಾಣದ ಅಕ್ಷರ ಇನ್ನೊಂದು ಕಡೆಯಿಂದ ಕಾಣುತ್ತೆ. ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಮೆಸೊಪೊಟೇಮಿಯಾದ ಜೇಡಿಮಣ್ಣಿನ ಹಲಗೆ ಓದೋಕೂ ಇದೇ ಉಪಾಯ, ಕ್ಯಾಮೆರಾ ಅಲ್ಲಾಡಿಸದೆ ದೀಪ ಮಾತ್ರ ಸುತ್ತ ತಿರುಗಿಸಿ ಹತ್ತಾರು ಫೋಟೋ ತೆಗೆದು ಕಂಪ್ಯೂಟರಲ್ಲಿ ಸೇರಿಸ್ತಾರೆ. ನಮಗೆ ಟಾರ್ಚೇ ಸಾಕು.

ತಿಂಗಳು ಅಂದ್ರೆ ಡಿಸೆಂಬರಿಂದ ಮಾರ್ಚ್. ಮಳೆಗಾಲದಲ್ಲಿ ಹುಲ್ಲು ಆಳೆತ್ತರ, ಪಾಚಿ, ಹಾವು, ಸಕಲೇಶಪುರ ಮೂಡಿಗೆರೆ ಕಡೆ ಆದ್ರೆ ಇಂಬಳ ಬೇರೆ. ಜೊತೆಗೆ ಒಂದು ಹೊಸ ಮೆತ್ತನೆ ಬ್ರಷ್ಷು, ಎರಡು ಬಾಟ್ಲಿ ನೀರು, ಅಳತೆ ಟೇಪು, ನೋಟ್‌ಬುಕ್ಕು, ಪೆನ್ಸಿಲ್ಲು. ಮುಗೀತು.

ಜಮೀನು ಯಾರದ್ದೋ ಅವರನ್ನ ಮೊದ್ಲೇ ಕೇಳಿ. ಕೇಳದೆ ರಾತ್ರಿ ಟಾರ್ಚ್ ಹಿಡ್ಕೊಂಡು ಕಲ್ಲಿನ ಬುಡದಲ್ಲಿ ಕೂತ್ರೆ ಊರೋರು ಏನಂದ್ಕೋತಾರೆ ಹೇಳಿ? ಅರಸೀಕೆರೆ ಕಡೆ ಒಂದು ಹಳ್ಳೀಲಿ ನಮ್ಮನ್ನ ನೋಡಿ ಒಬ್ರು ಯಜಮಾನ್ರು ದೊಣ್ಣೆ ಹಿಡ್ಕೊಂಡೇ ಬಂದಿದ್ರು. "ಯಾರಪ್ಪಾ ಅದು, ನಿಧಿ ತೆಗೆಯೋಕೆ ಬಂದಿರೋರಾ?" ಅಂತ. ಇಲ್ಲ ಗೌಡ್ರೇ, ಅಕ್ಷರ ಓದೋಕೆ ಬಂದಿದೀವಿ ಅಂದ್ರೆ ನಂಬಲ್ಲ. ಕೊನೆಗೆ ಅವರನ್ನೇ ಕೂರಿಸಿ ಟಾರ್ಚ್ ಕೈಗೆ ಕೊಟ್ಟು ಕಲ್ಲಲ್ಲಿದ್ದ ದನ ತೋರಿಸಿದ್ವಿ. ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಇದು ಕೊಂಬು ನೋಡಿದ್ರೆ ನಮ್ಮ ಹಳ್ಳಿಕಾರ್ ಥರಾನೇ ಇದೆಯಲ್ಲೋ" ಅಂದ್ರು, ಆಮೇಲೆ ಮನೆಗೆ ಕರ್ಕೊಂಡು ಹೋಗಿ ಕಾಫಿ ಕೊಟ್ರು. ನಿಧಿ ಕಳ್ಳರ ಕಾಟ ನಿಜವಾಗ್ಲೂ ಇದೆ, ಕಲ್ಲಿನ ಕೆಳಗೆ ಬಂಗಾರ ಇದೆ ಅಂತ ಅಮಾವಾಸ್ಯೆ ರಾತ್ರಿ ಅಗೆದು ಒಳ್ಳೊಳ್ಳೆ ಕಲ್ಲುಗಳನ್ನ ಕೆಡವಿಬಿಟ್ಟಿದಾರೆ. ವೀರಗಲ್ಲಿನ ಕೆಳಗೆ ಮಣ್ಣು ಬಿಟ್ರೆ ಏನೂ ಇರಲ್ಲ, ಅದು ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು, ತಿಜೋರಿ ಅಲ್ಲ.

ಈಗ ತೊಳೆಯೋ ವಿಷಯ, ಇಲ್ಲಿ ನನ್ನ ತಪ್ಪೊಂದು ಒಪ್ಕೋಬೇಕು. ಶುರುವಿನಲ್ಲಿ, ಆ ಕಾಲುವೆ ಮೇಲಿದ್ದ ಕಲ್ಲನ್ನ ಜನ ಸೇರಿಸಿ ಎತ್ತಿ ನಿಲ್ಲಿಸಿದ್ವಿ, ತುಂಬಾ ಹುಮ್ಮಸ್ಸು, ಮನೆಯಿಂದ ತಂತಿ ಬ್ರಷ್ಷು ತಂದು ಗಸಗಸ ಉಜ್ಜಿದೆ. ಪಾಚಿ ಹೋಯ್ತು, ಕಲ್ಲುಹೂವು ಹೋಯ್ತು, ಜೊತೆಗೆ ಮೇಲಿನ ಪಟ್ಟಿಯಲ್ಲಿದ್ದ ಆರೇಳು ಅಕ್ಷರದ ಅಂಚೂ ಹೋಯ್ತು. ಅದು ಬಳಪದ ಕಲ್ಲು ಕಣ್ರೀ. ಹೊಯ್ಸಳರು ಅಷ್ಟು ನಯವಾಗಿ ಕೆತ್ತೋಕೆ ಆಗಿದ್ದೇ ಆ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ನಿಧಾನಕ್ಕೆ ಗಟ್ಟಿಯಾಗುತ್ತೆ ಅಂತ, ಆದ್ರೂ ತಂತಿಗೆ ತಡೆಯೋವಷ್ಟು ಗಟ್ಟಿ ಆಗಲ್ಲ. ಈಗ್ಲೂ ಆ ಜಾಗ ನೋಡಿದ್ರೆ ಹೊಟ್ಟೆ ಕಿವುಚುತ್ತೆ. ಹಾಗಾಗಿ ಬರೀ ನೀರು, ಮೆತ್ತನೆ ಬ್ರಷ್ಷು, ಅಷ್ಟೇ. ಸೋಪಿನ ಪುಡಿ, ಆಸಿಡ್ಡು, ಬ್ಲೀಚಿಂಗು, ಸುಣ್ಣ ಯಾವ್ದೂ ಬೇಡ. ಅಕ್ಷರ ಚೆನ್ನಾಗಿ ಕಾಣ್ಲಿ ಅಂತ ಸೀಮೆಸುಣ್ಣ ತುಂಬೋದೂ ಬೇಡ, ನೀವು ತುಂಬಿದ ಗೆರೆ ನಿಮ್ಮ ಊಹೆ, ಮುಂದೆ ಬರೋನು ನಿಮ್ಮ ಊಹೆಯನ್ನೇ ಶಾಸನ ಅಂತ ಓದ್ತಾನೆ. ಕಲ್ಲುಹೂವು ಗಟ್ಟಿಯಾಗಿ ಹಿಡ್ಕೊಂಡಿದ್ರೆ ಇರ್ಲಿ ಬಿಡಿ. ಪೂಜೆ ನಡೆಯೋ ಕಲ್ಲಾದ್ರೆ ಅರಿಶಿನ ಎಣ್ಣೆ ಕೆರೆಯೋಕೆ ಹೋಗ್ಲೇಬೇಡಿ, ಊರೋರ ಹತ್ರ ಬೈಸ್ಕೋತೀರಾ, ಬೈಸ್ಕೊಳ್ಳೋದು ನ್ಯಾಯವೇ.

ಒಳ್ಳೇ ಮನಸ್ಸಿಂದ ಹಾಳಾಗಿರೋದಕ್ಕೆ ದೊಡ್ಡ ಉದಾಹರಣೆ ಫ್ರಾನ್ಸಿನ ಲಾಸ್ಕೋ ಗುಹೆ. 1940ರಲ್ಲಿ ಹುಡುಗರ ಕಣ್ಣಿಗೆ ಬಿತ್ತು, ಸಾವಿರಾರು ವರ್ಷ ಹಳೇ ಗೂಳಿ ಕುದುರೆ ಚಿತ್ರಗಳು ನಿನ್ನೆ ಬರೆದ ಹಾಗಿದ್ವು, ಜನ ನೋಡೋಕೆ ಮುಗಿಬಿದ್ರು, ಬರೀ ಅವರ ಉಸಿರು ಮತ್ತೆ ದೀಪದ ಕಾವಿಗೆ ಪಾಚಿ ಹಿಡಿದು 1963ರಲ್ಲಿ ಬಾಗಿಲು ಹಾಕಬೇಕಾಯ್ತು. ಉಸಿರೇ ಅಷ್ಟು ಮಾಡಿದ್ರೆ ತಂತಿ ಬ್ರಷ್ಷು ಏನ್ಮಾಡಲ್ಲ.

ಸರಿ, ಕಲ್ಲು ತೊಳೆದಾಯ್ತು, ಬೆಳಕು ಬಿಟ್ಟಾಯ್ತು. ಈಗ ಕೆಳಗಿಂದ ಮೇಲಕ್ಕೆ ಓದಿ. ಇದೊಂದೇ ಗುಟ್ಟು, ಎಲ್ಲರೂ ಪುಸ್ತಕದ ಹಾಗೆ ಮೇಲಿಂದ ಶುರು ಮಾಡ್ತಾರೆ, ಕಥೆ ತಲೆಕೆಳಗಾಗುತ್ತೆ.

ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತೆ, ಕೆಲವದ್ರಲ್ಲಿ ನಾಲ್ಕೋ ಐದೋ. ತಳದಲ್ಲಿ ಜಗಳ. ಒಬ್ಬ ಬಿಲ್ಲೋ ಕತ್ತಿಯೋ ಹಿಡಿದು ನಿಂತಿರ್ತಾನೆ, ಎದುರಿಗೆ ಮೂರ್ನಾಲ್ಕು ಜನ, ಕಾಲ ಕೆಳಗೆ ಬಿದ್ದವರು, ಮೂಲೇಲಿ ಸಾಲಾಗಿ ದನ. ದನ ಕಂಡ್ರೆ ಅದು ತುರುಗೊಳ್, ಅಂದ್ರೆ ಪಕ್ಕದ ಊರೋರೋ ಕಳ್ಳರೋ ದನ ಹೊಡ್ಕೊಂಡು ಹೋಗೋಕೆ ಬಂದಾಗ ಇವನು ಅಡ್ಡ ನಿಂತು ಸತ್ತಿದಾನೆ. ಹುಲಿ ಕಂಡ್ರೆ ಹುಲಿ ಜೊತೆ ಹೋರಾಡಿ ಸತ್ತವನು. ಆನೆ, ಕುದುರೆ, ಛತ್ರಿ ಹಿಡಿದವರು ಇದ್ರೆ ಜಗಳ ದೊಡ್ಡದು, ರಾಜರ ಮಟ್ಟದ್ದು. ಊರಳಿವು ಅಂತ ಇನ್ನೊಂದು ಬಗೆ, ಊರನ್ನೇ ಹಾಳು ಮಾಡೋಕೆ ಬಂದಾಗ ಊರುಳಿಸಿ ಸತ್ತಿದ್ದು. ಪೆಣ್ಬುಯ್ಯಲ್ ಅಂತ ಮತ್ತೊಂದು, ಹೆಣ್ಮಕ್ಕಳ ಮಾನ ಕಾಯೋಕೆ ಹೋಗಿ ಸತ್ತಿದ್ದು.

ಮಧ್ಯದ ಅಂತಸ್ತಲ್ಲಿ ಅದೇ ಮನುಷ್ಯ ಈಗ ಕೂತಿದಾನೆ, ಎರಡೂ ಕಡೆ ಅಪ್ಸರೆಯರು ಕೈ ಹಿಡಿದು ಎತ್ಕೊಂಡು ಹೋಗ್ತಿದಾರೆ. ಕೆಳಗೆ ಸತ್ತ, ಈಗ ಸ್ವರ್ಗಕ್ಕೆ ಹೊರಟ. ಬಹಳಷ್ಟು ವೀರಗಲ್ಲುಗಳಲ್ಲಿ ಒಂದು ಸಂಸ್ಕೃತ ಶ್ಲೋಕ ಇರುತ್ತೆ, "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ" ಅಂತ. ಗೆದ್ರೆ ಸಂಪತ್ತು, ಸತ್ರೆ ದೇವಕನ್ಯೆ, ಕ್ಷಣದಲ್ಲಿ ಹೋಗೋ ಮೈ ಇದು, ಯುದ್ಧದಲ್ಲಿ ಸಾವಿಗೆ ಏನ್ ಚಿಂತೆ. ಆ ಮಧ್ಯದ ಅಂತಸ್ತು ಅಂದ್ರೆ ಈ ಶ್ಲೋಕದ ಫೋಟೋ. ಹೆಂಡತಿ ಮಕ್ಕಳಿಗೆ ಚಿಂತೆ ಇರ್ಲಿಲ್ವಾ ಅಂತ ನಂಗೆ ಪ್ರತಿ ಸಲ ಅನ್ಸುತ್ತೆ, ಶ್ಲೋಕ ಬರೆದೋನಿಗೆ ಅನಿಸಿಲ್ಲ.

ಮೇಲಿನ ಅಂತಸ್ತು ಕೈಲಾಸ. ಲಿಂಗ, ಪಕ್ಕ ಪೂಜಾರಿ, ನಂದಿ, ಕೈ ಮುಗಿದು ಕೂತ ನಮ್ಮ ವೀರ. ಲಿಂಗದ ಬದಲು ಜಿನ ಇದ್ರೆ ಜೈನ. ತುತ್ತತುದೀಲಿ ಸೂರ್ಯ ಚಂದ್ರ, ಅವೆರಡು ಇರೋ ತನಕ ಇವನ ಹೆಸರೂ ಇರ್ಲಿ ಅಂತ.

ಹೀಗೆ ಕೆಳಗಿಂದ ಮೇಲಕ್ಕೆ ಕಥೆ ಹೇಳೋದು ನಮ್ಮೊಬ್ಬರದ್ದೇ ಅಲ್ಲ. ಇರಾಕಿನ ಊರ್ ಅನ್ನೋ ಹಳೇ ಪಟ್ಟಣದ ರಾಜಸ್ಮಶಾನದಲ್ಲಿ ಲಿಯೊನಾರ್ಡ್ ವೂಲಿ 1920ರ ದಶಕದಲ್ಲಿ ಅಗೆದಾಗ ಒಂದು ಪೆಟ್ಟಿಗೆ ಥರದ್ದು ಸಿಕ್ತು, ಅರ್ಧ ಮೀಟರ್ ಉದ್ದಾನೂ ಇಲ್ಲ, ಈಗ ಬ್ರಿಟಿಷ್ ಮ್ಯೂಸಿಯಮ್ಮಲ್ಲಿದೆ, ಸ್ಟ್ಯಾಂಡರ್ಡ್ ಆಫ್ ಊರ್ ಅಂತಾರೆ, ಸುಮಾರು 4500 ವರ್ಷ ಹಳೇದು. ಅದರ ಯುದ್ಧದ ಮುಖ ನೋಡಿ, ಅಲ್ಲೂ ಮೂರೇ ಅಂತಸ್ತು. ತಳದಲ್ಲಿ ರಥಗಳು ಶತ್ರುಗಳನ್ನ ತುಳ್ಕೊಂಡು ಓಡ್ತಿವೆ, ಮಧ್ಯೆ ಕಾಲಾಳು ಸಾಲು, ಮೇಲೆ ರಾಜ, ಅವನ ಮುಂದಕ್ಕೆ ಸೆರೆ ಸಿಕ್ಕವರನ್ನ ತರ್ತಿದಾರೆ. ರಾಜ ಎಲ್ಲರಿಗಿಂತ ದೊಡ್ಡವನು, ಅವನ ತಲೆ ಮೇಲಿನ ಅಂಚನ್ನೇ ದಾಟಿ ಹೋಗಿದೆ. ರೋಮಿನಲ್ಲಿ 113ರಲ್ಲಿ ನಿಲ್ಲಿಸಿದ ಟ್ರೇಜನ್ ಚಕ್ರವರ್ತಿಯ ಕಂಬಾನೂ ಹಾಗೇ, ಸುಮಾರು 30 ಮೀಟರ್ ಎತ್ತರದ ಕಂಬಕ್ಕೆ ಚಿತ್ರದ ಪಟ್ಟಿ ಹಾವಿನ ಥರ ಸುತ್ಕೊಂಡಿದೆ, ಬುಡದಲ್ಲಿ ಸೈನ್ಯ ಡ್ಯಾನ್ಯೂಬ್ ನದಿ ದಾಟೋದ್ರಿಂದ ಶುರುವಾಗಿ ಕಥೆ ಸುತ್ತಿ ಸುತ್ತಿ ಮೇಲಕ್ಕೆ ಹೋಗುತ್ತೆ.

ಆ ದೊಡ್ಡವರು ಚಿಕ್ಕವರು ಅನ್ನೋದನ್ನ ನೆನಪಿಟ್ಕೊಳ್ಳಿ, ನಮ್ಮ ಕಲ್ಲಲ್ಲೂ ಬೇಕಾಗುತ್ತೆ. ಹಳೇ ಶಿಲ್ಪಿಗಳಿಗೆ ಹತ್ತಿರ ದೂರ ಅನ್ನೋ ಲೆಕ್ಕಕ್ಕಿಂತ ಮುಖ್ಯ ಯಾರು ಅನ್ನೋ ಲೆಕ್ಕ ದೊಡ್ಡದು. ಈಜಿಪ್ಟಿನ ನಾರ್ಮರ್ ಫಲಕ ಸುಮಾರು ಐದು ಸಾವಿರ ವರ್ಷ ಹಳೇದು, ಅದ್ರಲ್ಲಿ ರಾಜ ಗದೆ ಎತ್ತಿ ನಿಂತಿದಾನೆ, ಚಪ್ಪಲಿ ಹಿಡ್ಕೊಂಡ ಆಳು ಅವನಿಗಿಂತ ತುಂಬಾ ಚಿಕ್ಕವನು. ವೀರಗಲ್ಲಲ್ಲಿ ಯಾರು ದೊಡ್ಡದಾಗಿ ಕಾಣ್ತಾನೋ ಅವನೇ ಸತ್ತವನು, ಗುಂಪಲ್ಲಿ ನಾಯಕ ಯಾರು ಅಂತ ಹುಡುಕೋ ಕಷ್ಟ ಇಲ್ಲ.

ಆದ್ರೆ ಒಂದು ವ್ಯತ್ಯಾಸ ನಂಗೆ ಯಾವಾಗ್ಲೂ ಕಾಡುತ್ತೆ. ಊರ್, ನಾರ್ಮರ್, ಟ್ರೇಜನ್, ಎಲ್ಲಾ ಗೆದ್ದ ರಾಜರ ಕಥೆ. ಮೆಸೊಪೊಟೇಮಿಯಾದ ಲಗಾಶ್ ಅನ್ನೋ ಪಟ್ಟಣದ ರಾಜ ಇಯನ್ನಾತುಮ್ ಮಾಡಿಸಿದ ರಣಹದ್ದುಗಳ ಕಲ್ಲು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಲ್ಲಿದೆ, ಅದ್ರಲ್ಲಿ ಸತ್ತವರು ಹದ್ದಿನ ಬಾಯಲ್ಲಿ ತಲೆಗಳಾಗಿ ಹಾರ್ತಿದಾರೆ, ಹೆಸರಿಲ್ಲ. ನಮ್ಮ ಕೆರೆ ಏರಿ ಮೇಲಿನ ಕಲ್ಲಲ್ಲಿ ಹೆಸರಿರೋದು ಸತ್ತವನದ್ದು. ಎಷ್ಟೋ ಸಲ ಯಾರೋ ಗೌಡನ ಮಗ, ದನ ಕಾಯೋನು, ಅವನ ಅಣ್ಣನೋ ತಮ್ಮನೋ ನಿಲ್ಲಿಸಿದ ಕಲ್ಲು. ಇದಕ್ಕೆ ಹತ್ತಿರ ಬರೋದು ಸ್ವೀಡನ್ನಿನ ರೂನ್ ಕಲ್ಲುಗಳು, ರೂನ್ ಅಂದ್ರೆ ಅಲ್ಲಿನ ಹಳೇ ಲಿಪಿ, ಅಲ್ಲೂ ಇಂಥವರು ಅಪ್ಪನ ನೆನಪಿಗೆ, ಇಂಥವರು ತಮ್ಮನ ನೆನಪಿಗೆ ಕಲ್ಲು ನಿಲ್ಲಿಸಿದ್ರು ಅಂತಾನೇ ಬರೆದಿರೋದು.

ನಾಯಿಗೂ ಕಲ್ಲಿದೆ ನಮ್ಮಲ್ಲಿ. ಮಂಡ್ಯ ಜಿಲ್ಲೆ ಆತಕೂರಿನದ್ದು, ಶಕವರ್ಷ 872, ಕಾಳಿ ಅನ್ನೋ ಬೇಟೆನಾಯಿ ಕಾಡುಹಂದಿ ಜೊತೆ ಹೋರಾಡಿ ಎರಡೂ ಸತ್ತಿದ್ದನ್ನ ಕೆತ್ತಿದಾರೆ, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಲ್ಲಿದೆ. ಹೋದ್ರೆ ನೋಡ್ಕೊಂಡು ಬನ್ನಿ.

ಎಲ್ಲಾ ನಿಂತ ಕಲ್ಲೂ ವೀರಗಲ್ಲಲ್ಲ, ಗಡಿಬಿಡೀಲಿ ತಪ್ಪು ಮಾಡ್ತೀವಿ. ಮೊಣಕೈ ಮಡಿಸಿ ಎತ್ತಿದ ಬಳೆ ತೊಟ್ಟ ಕೈ ಒಂದು ಕಂಬದಿಂದ ಹೊರಟ ಹಾಗಿದ್ರೆ ಅದು ಮಾಸ್ತಿಗಲ್ಲು, ಗಂಡನ ಜೊತೆ ಚಿತೆ ಏರಿದವಳದ್ದು, ನಮ್ಮ ಕಡೆ ಮಾಸ್ತಮ್ಮ ಅಂತ ಪೂಜೆ ಮಾಡ್ತಾರೆ. ಬರೀ ಕೂತು ಧ್ಯಾನ ಮಾಡ್ತಿದ್ದು ಮೇಲೆ ಜಿನ ಇದ್ರೆ ನಿಸಿದಿಗಲ್ಲು, ಸಲ್ಲೇಖನ ಮಾಡಿದವರದ್ದು, ಅಂದ್ರೆ ಉಪವಾಸ ವ್ರತದಲ್ಲಿ ಪ್ರಾಣ ಬಿಟ್ಟವರದ್ದು, ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಬೇಕಾದಷ್ಟು. ಚಿಕ್ಕ ಕಲ್ಲಿಗೆ ಲಿಂಗವೋ ಕೊಡೆ ಹಿಡಿದ ವಾಮನನೋ ಇದ್ರೆ ಮುದ್ರೆಕಲ್ಲು, ದಾನ ಕೊಟ್ಟ ಜಮೀನಿನ ಗಡಿ, ಅಂದ್ರೆ ಆ ಕಾಲದ ಸರ್ವೆ ಕಲ್ಲು. ಹಳೇಬೀಡಿಗೆ ಹೋದ್ರೆ ಹೊಯ್ಸಳೇಶ್ವರ ಗುಡಿ ಹತ್ರ ಗರುಡಗಂಬ ನೋಡಿ, ಇಮ್ಮಡಿ ಬಲ್ಲಾಳ ತೀರ್ಕೊಂಡಾಗ ಅವನ ಗರುಡ, ಅಂದ್ರೆ ರಾಜನ ಜೊತೆಗೇ ಸಾಯ್ತೀನಿ ಅಂತ ಆಣೆ ಮಾಡಿದ ಅಂಗರಕ್ಷಕ, ಕುವರ ಲಕ್ಷ್ಮ ಹೆಂಡತಿ ಸಮೇತ ಪ್ರಾಣ ಬಿಟ್ಟಿದ್ದರ ನೆನಪು, ಕಂಬದ ಸುತ್ತ ಚೂರಿ ಹಿಡಿದು ತಮ್ಮ ತಲೆ ತಾವೇ ಕೊಯ್ಕೊಳ್ತಿರೋರ ಶಿಲ್ಪ ಇದೆ. ಗೈಡುಗಳು ಬೇಗ ಬೇಗ ದಾಟಿಸ್ಕೊಂಡು ಹೋಗ್ತಾರೆ, ನೀವು ನಿಂತು ನೋಡಿ.

ಈಗ ಅಕ್ಷರ. ಚಿತ್ರದ ಅಂತಸ್ತುಗಳ ಮಧ್ಯೆ ಪಟ್ಟಿ ಇರುತ್ತಲ್ಲ, ಬರಹ ಅಲ್ಲೇ. ಎಷ್ಟೋ ಕಲ್ಲಿಗೆ ಬರಹಾನೇ ಇಲ್ಲ, ಇಲ್ಲದಿದ್ರೆ ಬೇಜಾರಾಗ್ಬೇಡಿ. ಇದ್ರೆ ಹೊಯ್ಸಳರ ಕಾಲದ ಲಿಪಿ ಈಗಿನ ಕನ್ನಡಕ್ಕೆ ತುಂಬಾ ದೂರ ಇಲ್ಲ, ಹೆದರಿಸೋದು ಅಕ್ಷರಕ್ಕಿಂತ ಪದಗಳ ಮಧ್ಯೆ ಜಾಗ ಬಿಡದೇ ಇರೋದು. ನಾನು ಮಾಡೋದು ಹೀಗೆ. ಮೊದಲು ಸ್ವಸ್ತಿ, ಶ್ರೀ ಹುಡುಕ್ತೀನಿ, ಶುರುವಿನಲ್ಲೇ ಇರುತ್ತೆ. ಅದು ಸಿಕ್ರೆ ಸ, ಶ, ರ ಹೇಗೆ ಬರೀತಿದ್ರು ಅಂತ ಗೊತ್ತಾಯ್ತು. ಆಮೇಲೆ "ಸಕವರ್ಷ" ಇಲ್ಲಾ "ಸಂವತ್ಸರ" ಹುಡುಕ್ತೀನಿ, ಅದ್ರಿಂದ ಕ, ವ, ತ ಸಿಕ್ತು. ಗೊತ್ತಿರೋ ಅಕ್ಷರ ಕಂಡಲ್ಲೆಲ್ಲ ನೋಟ್‌ಬುಕ್ಕಲ್ಲಿ ಬರೆದು ಗೊತ್ತಿಲ್ಲದ ಕಡೆ ಚುಕ್ಕಿ ಇಡ್ತೀನಿ. ಪದಬಂಧ ತುಂಬೋ ಥರಾನೇ, ಒಂದು ಸಿಕ್ರೆ ಪಕ್ಕದ್ದು ತಾನಾಗೇ ಬಿಚ್ಕೊಳ್ಳುತ್ತೆ. ಫ್ರಾನ್ಸಿನ ಪಂಡಿತ ಶಾಂಪೊಲ್ಲಿಯೋನ್ ರೊಸೆಟ್ಟಾ ಕಲ್ಲಿನ ಚಿತ್ರಲಿಪಿಗೆ ಕೈ ಹಾಕಿದಾಗ್ಲೂ ಟಾಲೆಮಿ ಅನ್ನೋ ರಾಜನ ಹೆಸರಿಂದಾನೇ ದಾರಿ ಸಿಕ್ಕಿದ್ದು, ಗೊತ್ತಿರೋ ಹೆಸರನ್ನ ಹಿಡ್ಕೊಂಡು ಗೊತ್ತಿಲ್ಲದ ಅಕ್ಷರಕ್ಕೆ ಹೋದ, 1822ರಲ್ಲಿ ಗಂಟು ಬಿಚ್ತು. ಅಂದ ಹಾಗೆ ರೊಸೆಟ್ಟಾ ಥರ ಮೂರು ಬಗೆ ಬರಹದ ಕಲ್ಲು ನೋಡೋಕೆ ಲಂಡನ್ನಿಗೇ ಹೋಗ್ಬೇಕು ಅಂತಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಹತ್ರ ಚಾವುಂಡರಾಯ ಮಾಡಿಸಿದ್ದು ಅಂತ ಕನ್ನಡದಲ್ಲಿ, ತಮಿಳಲ್ಲಿ, ಮರಾಠೀಲಿ ಬರೆದಿದೆ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೇದಿಲ್ಲ, "ಶ್ರೀ ಚಾವುಂಡರಾಜಂ ಮಾಡಿಸಿದಂ" ಅಂತ ಅರ್ಥ ಮೊದ್ಲೇ ಗೊತ್ತಿದ್ದಾಗ ಅಕ್ಷರ ಹಿಡಿಯೋದು ಸುಲಭ.

ಪ ಅಕ್ಷರದ ವಿಷಯ ಒಂದು ಹೇಳ್ಬೇಕು. ಹಳೇ ಕಲ್ಲಲ್ಲಿ ಪ ಇದ್ದಿದ್ದು ಈಗ ಹ ಆಗಿರುತ್ತೆ, ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರೇ ಪಲ್ಮಡಿ ಅಂತಿದೆ. ಹದಿನಾರು ಸಾಲು, ಸುಮಾರು 450ರ ಕಾಲದ್ದು ಅಂತ ಹೇಳ್ತಾರೆ, ಕನ್ನಡದ ಮೊದಲ ಶಾಸನ ಇದೇನಾ ಶಿಕಾರಿಪುರ ತಾಲ್ಲೂಕು ತಾಳಗುಂದದ್ದಾ ಅಂತ ಜಗಳ ನಡೀತಾನೇ ಇದೆ, ಅದನ್ನ ಅವರಿಗೇ ಬಿಡೋಣ. ನಂಗೆ ಇಷ್ಟ ಆಗೋದು ಅದರೊಳಗಿನ ಒಂದು ಪದ, ಬಾಳ್ಗಳ್ಚು. ಬಾಳ್ ಅಂದ್ರೆ ಕತ್ತಿ, ಕಳ್ಚು ಅಂದ್ರೆ ತೊಳೆ. ಕಾಳಗದಲ್ಲಿ ಗೆದ್ದು ಬಂದವನ ರಕ್ತದ ಕತ್ತಿ ತೊಳೆದು ಊರನ್ನ ಉಂಬಳಿ ಕೊಡೋದು. ಕನ್ನಡ ಬರವಣಿಗೆಯ ಶುರುವಿನಲ್ಲೇ ಒಬ್ಬ ವೀರ ನಿಂತಿದಾನೆ ನೋಡಿ. ಊರಿಗೆ ಹೋದ್ರೆ ಕಾಣೋದು ಪ್ರತಿಕೃತಿ, ಆದ್ರೂ ಹೋಗಿ, ದಾರಿ ಚೆನ್ನಾಗಿದೆ.

ವೀರಗಲ್ಲಿನ ಬರಹದಲ್ಲಿ ಹುಡುಕಬೇಕಾದ ಪದಗಳು ಕೆಲವೇ. "ತುಱು" ಅಂದ್ರೆ ದನ, "ಮಗುಳ್ಚಿ" ಅಂದ್ರೆ ವಾಪಸ್ ತಿರುಗಿಸಿ, "ಕಾದಿ" ಅಂದ್ರೆ ಹೋರಾಡಿ, "ಸುರಲೋಕಪ್ರಾಪ್ತ" ಅಂದ್ರೆ ಗೊತ್ತೇ ಇದೆ. ಈ ನಾಲ್ಕು ಸಿಕ್ರೆ ದನ ಬಿಡಿಸ್ಕೊಂಡು ಬಂದು ಹೋರಾಡಿ ಸತ್ತ ಅಂತ ಕಥೆ ಕೈಗೆ ಬಂತು, ಉಳಿದಿದ್ದು ಅವನ ಹೆಸರು, ಅಪ್ಪನ ಹೆಸರು, ಊರು. ಕೆಲವು ಕಲ್ಲಿನ ಕೊನೇಲಿ ಇದನ್ನ ಕೆಡಿಸಿದವರು ವಾರಣಾಸೀಲಿ ಸಾವಿರ ಕವಿಲೆ ಹಸು ಕೊಂದ ಪಾಪಕ್ಕೆ ಹೋಗ್ತಾರೆ ಅಂತ ಶಾಪ ಇರುತ್ತೆ, ತಂತಿ ಬ್ರಷ್ಷು ಕೇಸಿಗೆ ಅದು ಅನ್ವಯ ಆಗುತ್ತಾ ಅಂತ ನಾನಿನ್ನೂ ಯೋಚಿಸ್ತಿದೀನಿ.

ವರ್ಷ ಲೆಕ್ಕ ಹಾಕೋದು ಸುಲಭ. ಶಕವರ್ಷಕ್ಕೆ 78 ಕೂಡಿಸಿ, ಒಂದು ವರ್ಷ ಹೆಚ್ಚುಕಮ್ಮಿ ಬರಬಹುದು. ಬೇಲೂರು ಚೆನ್ನಕೇಶವನ ಪ್ರತಿಷ್ಠೆ ಶಕ 1039, ಹೇಮಳಂಬಿ ಸಂವತ್ಸರ, ಅಂದ್ರೆ 1117. ಸರಿಯಾಗಿ ಓದಿದೀವಾ ಅಂತ ಚೆಕ್ ಮಾಡೋಕೆ ಸಂವತ್ಸರ ಇದೆ, 60 ವರ್ಷಕ್ಕೊಮ್ಮೆ ತಿರುಗುತ್ತೆ. ನಮ್ಮ ಕಾಲದಲ್ಲಿ ಅದೇ ಹೇಮಳಂಬಿ, ಈಗ ಹೇವಿಳಂಬಿ ಅಂತಾರೆ, ಬಂದಿದ್ದು 2017ರ ಯುಗಾದಿಗೆ. 2017ರಲ್ಲಿ 1117 ಕಳೆದ್ರೆ 900, ಅದನ್ನ 60ರಿಂದ ಭಾಗಿಸಿದ್ರೆ ಸರಿಯಾಗಿ 15, ಶೇಷ ಇಲ್ಲ. ಶೇಷ ಉಳಿದ್ರೆ ಎಲ್ಲೋ ಅಂಕಿ ತಪ್ಪು ಓದಿದೀರಾ ಅಂತ ಅರ್ಥ, ಮತ್ತೆ ಟಾರ್ಚ್ ಹಿಡೀರಿ. ಮನೇಲಿ ಹಳೇ ಪಂಚಾಂಗ ಇದ್ರೆ ಇನ್ನೂ ಸಲೀಸು.

ಓದಿ ಆಯ್ತು ಅಂತ "ಹೊಸ ಶಾಸನ ಪತ್ತೆ" ಅಂತ ವಾಟ್ಸಾಪಿಗೆ ಹಾಕೋಕೆ ಮೊದ್ಲು ಇದು ಮೊದ್ಲೇ ಗೊತ್ತಿರೋದಾ ಅಂತ ನೋಡಿ. ಬಿ.ಎಲ್. ರೈಸ್ ಅಂತ, ಬೆಂಗಳೂರಲ್ಲೇ ಹುಟ್ಟಿದ ಇಂಗ್ಲಿಷ್ ಅಧಿಕಾರಿ, ಹಳೇ ಮೈಸೂರು ಸೀಮೆಯ ಶಾಸನಗಳನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಸಂಪುಟಗಳಲ್ಲಿ ತಂದ್ರು, ಹಾಸನದ್ದು ಐದನೇದು, 1902, ಕಡೂರಿನದ್ದು ಆರನೇದು, 1901. ಕಡೂರು ಜಿಲ್ಲೆ ಅಂದ್ರೆ ಈಗಿನ ಚಿಕ್ಕಮಗಳೂರು, ಸಕಲೇಶಪುರ ಹುಡುಕೋರು ಮಂಜರಾಬಾದ್ ಅಂತ ನೋಡ್ಬೇಕು, ಇದು ಗೊತ್ತಿಲ್ದೆ ನಾನು ಒಂದು ವಾರ ಹುಡುಕಿದೀನಿ. ಸ್ಕ್ಯಾನ್ ಮಾಡಿದ ಪ್ರತಿ ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ, ಮೈಸೂರು ವಿಶ್ವವಿದ್ಯಾಲಯದವರು ಪರಿಷ್ಕರಿಸಿ ತಂದ ಹೊಸ ಸಂಪುಟಗಳು ದೊಡ್ಡ ಲೈಬ್ರರಿಗಳಲ್ಲಿರ್ತವೆ. ತಾಲ್ಲೂಕುವಾರು ನಂಬರ್ ಇದೆ, ಊರಿನ ಹೆಸರು ಹಿಡಿದು ಹೋಗಿ. ಸಿಕ್ರೆ ಖುಷಿ, ನಿಮ್ಮ ಓದಿಗೆ ಉತ್ತರಪತ್ರಿಕೆ ಸಿಕ್ಕ ಹಾಗೆ. ಸಿಗ್ದಿದ್ರೆ ಇನ್ನೂ ಖುಷಿ, ರೈಸ್ ಕಣ್ಣಿಗೂ ಎಲ್ಲಾ ಬಿದ್ದಿಲ್ಲ, ಹಲ್ಮಿಡಿ ಶಾಸನ ಎಂ.ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದಿದ್ದು 1936ರಲ್ಲಿ. ತುರ್ಕಿಯ ಗೊಬೆಕ್ಲಿ ತೆಪೆ ಕಥೆ ಇನ್ನೂ ಚೆನ್ನಾಗಿದೆ, 1963ರ ಸರ್ವೇಲಿ ಅಲ್ಲಿ ಕಲ್ಲು ಕಂಡಿದ್ರೂ ಯಾವ್ದೋ ಹಳೇ ಗೋರಿ ಕಲ್ಲು ಅಂತ ಬಿಟ್ಟು ಹೋದ್ರು, 1994ರಲ್ಲಿ ಜರ್ಮನಿಯ ಪುರಾತತ್ವಜ್ಞ ಕ್ಲಾಸ್ ಶ್ಮಿತ್ ಮತ್ತೆ ಹೋಗಿ ನೋಡಿದ್ರೆ ಹನ್ನೊಂದು ಸಾವಿರ ವರ್ಷದಷ್ಟು ಹಳೇ ಕೆತ್ತನೆ ಕಂಬಗಳು.

ದಾಖಲೆ ಮಾಡೋದು ಓದೋದಕ್ಕಿಂತ ಮುಖ್ಯ. ಪರಿಣತರು ಶಾಸನದ ಅಚ್ಚು ತೆಗೀತಾರೆ, ಒದ್ದೆ ಕಾಗದ ಕಲ್ಲಿಗೆ ಅಂಟಿಸಿ ಬ್ರಷ್ಷಿಂದ ತಟ್ಟಿ ಗುಂಡಿಗೆ ಕೂರಿಸಿ ಮೇಲೆ ಮಸಿ ಹಚ್ಚೋದು, ಅಕ್ಷರ ಬೆಳ್ಳಗೆ ಉಳಿಯುತ್ತೆ. ಈ ಕಾಗದ ಎಂಥಾ ಕೆಲಸ ಮಾಡುತ್ತೆ ಅಂದ್ರೆ, ಜೋರ್ಡಾನಿನ ದಿಬಾನಲ್ಲಿ 1868ರಲ್ಲಿ ಮೇಶಾ ರಾಜನ ಕಲ್ಲು ಕಂಡುಬಂತು, ಯಾರು ಕೊಂಡ್ಕೋಬೇಕು ಅಂತ ಹೊರಗಿನವರ ಪೈಪೋಟಿ, ಅಲ್ಲಿನ ಜನ ರೋಸಿಹೋಗಿ ಕಲ್ಲಿಗೆ ಬೆಂಕಿ ಹಾಕಿ ಕಾಯಿಸಿ ತಣ್ಣೀರು ಸುರಿದು ಚೂರು ಮಾಡಿಬಿಟ್ರು. ಅದಕ್ಕೆ ಮೊದ್ಲೇ ಹೇಗೋ ತೆಗೆದಿದ್ದ ಒಂದು ಹರಿದ ಕಾಗದದ ಅಚ್ಚು ಉಳಿದಿತ್ತು, ಚೂರುಗಳನ್ನ ಅದರ ಮೇಲೆ ಜೋಡಿಸಿ ಬರಹ ಉಳಿಸಿದ್ರು, ಈಗ ಲೂವ್ರಲ್ಲಿದೆ. ಅಚ್ಚು ತೆಗೆಯೋ ಕೆಲಸಕ್ಕೆ ನಾವು ಕೈ ಹಾಕೋದು ಬೇಡ, ಮಸಿ ಕಲ್ಲಿಗೆ ಇಳಿದ್ರೆ ಹೋಗಲ್ಲ. ನಮಗೆ ಮೊಬೈಲ್ ಇದೆ. ಕಲ್ಲಿಗೆ ನೇರ ನಿಂತು ಪೂರ್ತಿ ಒಂದು, ಪ್ರತಿ ಅಂತಸ್ತಿಗೆ ಒಂದು, ಪ್ರತಿ ಪಟ್ಟಿಗೆ ಎಡಬೆಳಕಲ್ಲೊಂದು ಬಲಬೆಳಕಲ್ಲೊಂದು, ಪಕ್ಕದಲ್ಲಿ ಟೇಪು ಇಟ್ಟು. ಹಿಂದುಗಡೆ ತೆಗೆಯೋದು ಮರೀಬೇಡಿ. ಲೊಕೇಶನ್ ಆನ್ ಇರ್ಲಿ. ನೋಟ್‌ಬುಕ್ಕಲ್ಲಿ ಊರು, ಹೋಬಳಿ, ತಾಲ್ಲೂಕು, ಎತ್ತರ, ಅಗಲ, ಮುಖ ಯಾವ ದಿಕ್ಕಿಗಿದೆ, ಊರೋರು ಏನಂತ ಕರೀತಾರೆ ಇಷ್ಟು ಬರ್ಕೊಳ್ಳಿ. ಇದನ್ನ ಮೈಸೂರಲ್ಲಿರೋ ರಾಜ್ಯ ಪುರಾತತ್ವ ಇಲಾಖೆಗೆ, ಶಾಸನ ಇದ್ರೆ ಅಲ್ಲೇ ಇರೋ ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗಕ್ಕೆ ಕಳಿಸಿ. ಉತ್ತರ ಬರೋಕೆ ತಡ ಆಗಬಹುದು, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೂ ಒಂದು ಪ್ರತಿ ಕೊಡಿ.

ಕಾನೂನು ಎರಡು ಮಾತಲ್ಲಿ. ನೂರು ವರ್ಷ ದಾಟಿದ ಶಿಲ್ಪ ಶಾಸನ ಎಲ್ಲ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು, ಚೆನ್ನಾಗಿದೆ ಅಂತ ಹೋಂಸ್ಟೇ ಗಾರ್ಡನ್ನಿಗೆ ತಂದು ನಿಲ್ಲಿಸೋ ಹಾಗಿಲ್ಲ, ತೋಟದೋರು ಇದನ್ನ ಸ್ವಲ್ಪ ಗಮನಿಸಿ. ಉಳುವಾಗ ಅಗೆಯುವಾಗ ನಾಣ್ಯ ಗೀಣ್ಯ ಸಿಕ್ರೆ ಡಿಸಿ ಆಫೀಸಿಗೆ ತಿಳಿಸ್ಬೇಕು, ಅದಕ್ಕೂ ಕಾನೂನಿದೆ. ನಾವು ಕಾಲುವೆ ಕಲ್ಲು ಎತ್ತಿದ್ದೂ ಯಾರನ್ನೂ ಕೇಳದೆ ಮಾಡಿದ್ದು, ಈಗಾಗಿದ್ರೆ ಮೊದ್ಲು ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟು, ಇಲಾಖೆಗೆ ತಿಳಿಸಿ, ಆಮೇಲೆ ಮುಟ್ತಿದ್ದೆ.

ಆ ಎಮ್ಮೆ ತಿಕ್ಕೋ ಕಲ್ಲಿದೆಯಲ್ಲ, ಅದರ ತಳದ ಅಂತಸ್ತು ಪೂರ್ತಿ ಮಣ್ಣಲ್ಲಿದೆ, ಮೇಲೆ ಅಪ್ಸರೆಯರು ಕೈಲಾಸ ಎಲ್ಲ ಕಾಣುತ್ತೆ, ಅವನು ಯಾತಕ್ಕೆ ಸತ್ತ ಅನ್ನೋದು ಮಾತ್ರ ಗೊತ್ತಿಲ್ಲ. ಕಳೆದ ವಾರ ಟಾರ್ಚ್ ಬಿಟ್ಟಾಗ ಮಣ್ಣಿನ ಅಂಚಲ್ಲಿ ಒಂದು ಕೊಂಬೋ ಬಿಲ್ಲಿನ ತುದಿಯೋ ಕಂಡ ಹಾಗಾಯ್ತು. ಇಲಾಖೆಗೆ ಫೋಟೋ ಕಳಿಸಿದೀನಿ, ಜಮೀನಿನ ಅಜ್ಜಿ ಹತ್ರಾನೂ ಕೇಳಿದೀನಿ. "ರಾಗಿ ಕಣ ಮುಗೀಲಿ ಮಗಾ, ಆಮೇಲೆ ಯಾರನ್ನಾದ್ರೂ ಕರ್ಕೊಂಬಾ, ಎಮ್ಮೆ ಬೇರೆ ಕಡೆ ಕಟ್ತೀನಿ" ಅಂದಿದಾರೆ.